ಜಗವನ್ನೆಲ್ಲ ಗೆದ್ದವನನ್ನು ದಿನಕ್ಕೊಮ್ಮೆ ಕೂಗುವ ಬಗ್ಗೆ

ಇಂದ:
'ಗೋಂದು',
ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚುವವನು, ಬೈಂಡಿಂಗ್ ಕೋಣೆ.

ಗೆ:
ಮ್ಯಾನೇಜರ್ ಸಾಹೇಬರು,
ಇದೇ ಪ್ರೆಸ್ಸು, ಗಾಜಿನ ಬಾಗಿಲಿನಾಚೆ.

ವಿಷಯ: ಹುಟ್ಟಿದಾಗ ಇಟ್ಟ ಹೆಸರನ್ನು ಬಳಕೆಗೆ ವಾಪಸು ತರುವ ಕುರಿತು.

ಉಲ್ಲೇಖ: ೧. ನಾವೀಗ ಬೈಂಡ್ ಮಾಡುತ್ತಿರುವ, ಮಕ್ಕಳಿಗಿಡುವ ಹೆಸರುಗಳ ಪುಸ್ತಕ. ೨. ತಮ್ಮ ಮೌಖಿಕ ಆದೇಶ.

ಮಾನ್ಯರೇ,

ತಮ್ಮ ಗಮನಕ್ಕೆ ತರುವುದೇನೆಂದರೆ, ಈ ಪ್ರೆಸ್ಸಿನಲ್ಲಿ ಒಂದೇ ಹೆಸರಿನವರು ನಾಲ್ವರಿದ್ದೇವೆ, ನಾಲ್ಕನೆಯವರು ತಾವು. ಫೋನ್ ಬಂದಿದೆಯೆಂದು ಒಬ್ಬನನ್ನು ಕೂಗಿದರೆ ಮೂವರು ಕೆಲಸ ಬಿಟ್ಟು ಓಡಿಬರುತ್ತಿದ್ದ ಕಾರಣ, "ಒಬ್ಬೊಬ್ರೂ ಒಂದೊಂದು ಅಡ್ಡಹೆಸರು ಇಟ್ಕೊಳ್ರಪ್ಪಾ, ಸಾಕಾಯ್ತು" ಎಂದು ತಾವು ಆದೇಶಿಸಿದಿರಿ. ಆದ್ದರಿಂದ ಕಟಿಂಗ್ ಮಶೀನಿನವನು 'ಕತ್ತರಿ'ಯಾದ, ಪ್ರೂಫ್ ನೋಡುವವನು 'ಸೋಡಾಬುಡ್ಡಿ'ಯಾದ, ನಾನು ಗೋಂದಾದೆ.

೧. ಸದರಿ ಪುಸ್ತಕದ ಪ್ರಕಾರ ನಮ್ಮ ಹೆಸರಿನ ಅರ್ಥ 'ಜಗವನ್ನೆಲ್ಲ ಗೆದ್ದವನು'. ಇಂಥವರು ನಾಲ್ವರಿದ್ದೂ ಬೈಂಡಿಂಗ್ ಕೋಣೆಗೆ ಒಂದು ಫ್ಯಾನು ಗೆಲ್ಲಲಾಗಿಲ್ಲ ಎಂಬುದನ್ನು ಪ್ರತ್ಯೇಕ ಅರ್ಜಿಯಲ್ಲಿ ನಿವೇದಿಸಲಾಗುವುದು.

೨. ಹೆಸರಿನ ಮೂಲ ಯಾವನೋ ರಾಜನೆಂದು ಪುಸ್ತಕ ಹೇಳುತ್ತದೆ. ನನ್ನ ಮಟ್ಟಿಗೆ ಅದು ಸುಳ್ಳು. ನನ್ನದು ನಾನು ಹುಟ್ಟಿದ ಆಸ್ಪತ್ರೆಯ ಬೆಂಚಿನಿಂದ ಬಂದದ್ದು. ಅಮ್ಮ ಹೇಳುತ್ತಿದ್ದಳು: "ನರ್ಸಮ್ಮ ಆ ಹೆಸರು ಕೂಗಿದ್ರೆ ಮೂರು ಜನ ಎದ್ದು ನಿಂತ್ರಂತೆ ಕಣೋ. ನಿಮ್ಮಪ್ಪ, 'ಇದನ್ನೇ ಇಡೋಣ, ಕೂಗಿದ್ರೆ ಯಾರಾದ್ರೂ ಒಬ್ರು ಬಂದೇ ಬರ್ತಾರೆ' ಅಂದ್ರು."

೩. ಆ ಅಮ್ಮ ಹೋದ ತಿಂಗಳು ತೀರಿಕೊಂಡಳು. ಹೆಂಡತಿಗೆ ನಾನು 'ರೀ', ಮಕ್ಕಳಿಗೆ 'ಅಪ್ಪ', ಇಲ್ಲಿ ಗೋಂದು. ಹೆಸರು ಹಿಡಿದು ಕೂಗುತ್ತಿದ್ದವಳು ಅವಳೊಬ್ಬಳೇ. ಮೊನ್ನೆ ಹಲ್ಲಿನ ಡಾಕ್ಟರ ಹತ್ತಿರ ನನ್ನ ಹೆಸರನ್ನು ಮತ್ತೆ ಮತ್ತೆ ಕೂಗಿದರು. 'ಯಾರಪ್ಪಾ ಈ ಮಹಾಶಯ, ಏಳೋದೇ ಇಲ್ವಲ್ಲ' ಎಂದು ಎಲ್ಲರಂತೆ ನಾನೂ ಸುತ್ತ ನೋಡಿದೆ. ಅದು ನಾನೇ ಎಂದು ಹೊಳೆದಾಗ ಅಳು ಬಂದುಬಿಟ್ಟಿತು. ಕೂತವರೆಲ್ಲ ಹಲ್ಲುನೋವು ಎಂದುಕೊಂಡರು.

೪. ತಮ್ಮ ಸ್ಥಿತಿಯೂ ಇದಕ್ಕಿಂತ ಮೇಲೇನಲ್ಲ. ಇಲ್ಲಿ ಎಲ್ಲರಿಗೂ ತಾವು 'ಸಾರ್' (ಬೆನ್ನ ಹಿಂದಿನದನ್ನು ಇಲ್ಲಿ ನಮೂದಿಸುವುದು ಸಭ್ಯತೆಯಲ್ಲ). ತಾವು ಮರೆತ ಕೊಡೆ ಕೊಡಲು ಬಂದಿದ್ದ ತಮ್ಮ ಮನೆಯವರೂ 'ರೀ' ಎಂದೇ ಕರೆದರು.

ಆದ್ದರಿಂದ, ದಿನಾ ಸಂಜೆ ಟೀ ಹೊತ್ತಿಗೆ ತಾವು ನನ್ನನ್ನು ಒಮ್ಮೆ ಹೆಸರು ಹಿಡಿದು ಕೂಗಬೇಕಾಗಿ ವಿನಂತಿ. ಕೆಲಸವೇನೂ ಹೇಳಬೇಕಾಗಿಲ್ಲ. ತಾವು ಇಚ್ಛಿಸಿದಲ್ಲಿ, ಗಾಜಿನ ಬಾಗಿಲು ಮುಚ್ಚಿಕೊಂಡು, ನಾನೂ ತಮ್ಮನ್ನು ಹಾಗೆಯೇ ಒಮ್ಮೆ ಕರೆಯಲು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
(ಹೆಸರು ತಮಗೆ ಗೊತ್ತೇ ಇದೆ)

ಲಗತ್ತುಗಳು:
೧. ಸದರಿ ಪುಸ್ತಕದ ಪುಟ (ತಲೆಕೆಳಗಾಗಿ ಹೊಲಿದ ಪ್ರತಿಯದು, ಪ್ರೆಸ್ಸಿಗೆ ನಷ್ಟವಿಲ್ಲ).
೨. ಹಲ್ಲಿನ ಡಾಕ್ಟರ ಚೀಟಿ.

ವಿ.ಸೂ: ಮಂಜೂರಾದಲ್ಲಿ ಲಿಖಿತ ಉತ್ತರ ಬೇಡ, ಬಾಗಿಲಿಂದ ಕೂಗಿದರೆ ಸಾಕು. ಮೂವರೂ ಓಡಿಬಂದರೆ ದಯವಿಟ್ಟು ಬೈಯಬಾರದು.