ಅಂದಾಜು ತಿದ್ದುವ ಮಾವ

ನಮ್ಮ ಸೋದರಮಾವ ಕೊಳ್ಳೇಗಾಲದಲ್ಲಿ ಕಟ್ಟಡದ ಕಂಟ್ರಾಕ್ಟರು. ಅವರು ಹಿಡಿದ ಯಾವ ಕೆಲಸವೂ ಅಂದಾಜು ಮೀರಿದ್ದಿಲ್ಲ ಎಂದರೆ ನಂಬುತ್ತೀರಾ? ನಂಬಬೇಡಿ! ಆದರೆ ಅವರ ಕಂಪ್ಯೂಟರ್ ಮಾತ್ರ ಹಾಗೇ ಹೇಳುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅದನ್ನು ತೆಗೆಸಿಕೊಟ್ಟವನು ನಾನೇ. ಏನು ಮಾಡಲಿ? ಮಾವ ಮೋಡ ಕಂಡರೆ ನಿಂತುಬಿಡುವ ಮನುಷ್ಯ. ಸತ್ತೇಗಾಲದಲ್ಲಿ ಗೋಡೆ ಏಳುತ್ತಿರುವಾಗ ಪಕ್ಕದ ಗದ್ದೆಗೆ ಬೆಳ್ಳಕ್ಕಿ ಇಳಿದರೆ ಮುಗಿಯಿತು, ಗಾರೆಯವರ ಕೈಯನ್ನೇ ತಡೆದು, "ಸದ್ದು ಮಾಡ್ಬ್ಯಾಡಿ ಕಣ್ರಲಾ, ಎದ್ದೋಯ್ತವೆ" ಎನ್ನುತ್ತಿದ್ದರು. ಬೆಳ್ಳಕ್ಕಿ ಕೂತಷ್ಟು ಹೊತ್ತೂ ಕೂಲಿ ಏರುತ್ತಲೇ ಇರುತ್ತಿತ್ತು.

ಅದಕ್ಕೇ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟೆ. ಒಂದು ಕಡೆ ಅಂದಾಜಿನ ಖರ್ಚು, ದಿನ. ಇನ್ನೊಂದು ಕಡೆ ನಿಜವಾಗಿ ಆದದ್ದು. ಮೀರಿದರೆ ಆ ಕೆಲಸದ ಸಾಲು ಕೆಂಪಾಗುತ್ತದೆ, ಇಲ್ಲದಿದ್ದರೆ ಹಸಿರು. ಮಾವ ಶ್ರದ್ಧೆಯಿಂದ ತುಂಬಿದರು. 'ಮೋಡ ನೋಡಿದ್ದು: ಅರ್ಧ ದಿನ' ಎಂದೂ ತುಂಬಿದರು!

ಲೊಕ್ಕನಹಳ್ಳಿಯಲ್ಲಿ ಸಂಜೆ ಮುಗಿಸಿದ ಕೊಟ್ಟಿಗೆ ಗೋಡೆಯನ್ನು ಆನೆ ಕೆಡವಿ ಹೋಯಿತು. ಮಾವ ನನ್ನ ಹುಡುಕಿಕೊಂಡು ಬಂದರು.

"ಲೇ, ಸಿಮೆಂಟು ಅದ, ಕಂಬಿ ಅದ, ಕೂಲಿ ಅದ. ಇದ್ರಲ್ಲಿ ಆನೆ ಎಲ್ಲದ್ಲಾ?"

"'ಇತರೆ' ಅಂತ ಹಾಕಿ ಮಾವ."

ಅವರಿಗೆ ನಿಜಕ್ಕೂ ನೋವಾಯಿತು. "ಅಷ್ಟು ದೊಡ್ ಆನೆಯ ಇತರೆ ಅಂದಾರ್ಲಾ?"

ಸ್ವಲ್ಪ ದಿನ ಬಿಟ್ಟು ನೋಡಿದರೆ, ಕೊನೆಯದೊಂದು ಬಿಟ್ಟು ಎಲ್ಲ ಸಾಲೂ ಹಸಿರೋ ಹಸಿರು! ಬೆರಗಾಗಿ ಕೆದಕಿದೆ. ಪುಣ್ಯಾತ್ಮ ದಿನಾ ಸಂಜೆ ಕೂತು ಅಂದಾಜನ್ನೇ ತಿದ್ದಿ, ಆದ ಖರ್ಚಿಗೆ ಸರಿಹೊಂದಿಸುತ್ತಿದ್ದರು.

"ಇದು ಮೋಸ ಮಾವ!"

"ಎಂಥಾ ಮೋಸ್ಲಾ? ಅಂದಾಜು ನಾ ಮಾಡಿದ್ದು. ಆದದ್ದು ಬೆಟ್ಟದ ಮಾದಪ್ಪ ಮಾಡಿದ್ದು. ಇಬ್ಬರಲ್ಲಿ ಯಾರ್ದ ತಿದ್ಬೇಕು, ನೀನೇ ಏಳು."

ಡಿಗ್ರಿ ಮಾಡಿದ ನಾನು ಕಂಪ್ಯೂಟರ್ ಆರಿಸಿ ಎದ್ದೆ. ಹಾಗಂತ ಮಾವ ಯಾರಿಗೂ ಟೋಪಿ ಹಾಕುವವರಲ್ಲ. ಒಪ್ಪಿದ್ದಕ್ಕಿಂತ ಬಿಡಿಗಾಸು ಹೆಚ್ಚು ಕೇಳುತ್ತಿರಲಿಲ್ಲ. ಮೀರಿದ್ದೆಲ್ಲ ಅವರ ಕೈಯಿಂದಲೇ ಹೋಗುತ್ತಿತ್ತು. ಹೋಗಿ ಹೋಗಿ, ಊರಾಚೆ ಅತ್ತೆಗೆಂದು ಶುರುಮಾಡಿದ ಮನೆ ಕಿಟಕಿ ಮಟ್ಟಕ್ಕೆ ನಿಂತು ವರ್ಷಗಳೇ ಕಳೆದಿದ್ದವು. ಬೆಟ್ಟ ಕಾಣುವ ಕಿಟಕಿ, ಮೇಲೆ ಬರೀ ಆಕಾಶ! ಅಷ್ಟರಲ್ಲಿ ಇದ್ದ ಬಾಡಿಗೆ ಮನೆಯನ್ನೂ ಖಾಲಿ ಮಾಡಿ ಎಂದು ಮಾಲೀಕರು ಹೇಳಿ ಹೋದರು.

ನಾನೂ ಮಾವನೂ ಲೆಕ್ಕ ನೋಡುತ್ತಿದ್ದಾಗ ಅತ್ತೆ ಬ್ಯಾಗು ಹಿಡಿದೇ ಕಂಪ್ಯೂಟರ್ ಮುಂದೆ ಬಂದು ನಿಂತರು. "ಇನ್ನೊಂದು ಬಾಡಿಗೆ ಮನೆಗೆ ನಾ ಬರಾಕಿಲ್ಲ. ತವರಿಗೆ ಓಯ್ತೀನಿ." ಹೇಳುತ್ತಲೇ ಅವರ ಕಣ್ಣು ತೆರೆಯ ಮೇಲೆ ಬಿತ್ತು. "ಅದೊಂದ್ಯಾಕ್ಲಾ ಕೆಂಪಗದೆ?"

ನಾನು ಓದಿ ತಡವರಿಸಿದೆ. "ಅದು... ನಿಮ್ಮನೆ ಅತ್ತೆ."

ಅತ್ತೆ ಮಾವನ ಕಡೆ ತಿರುಗಿದರು. "ಊರೋರ್ದೆಲ್ಲ ತಿದ್ದಿ ಹಸ್ರು ಮಾಡಿದ್ರಲ್ಲ, ನಂದೂ ತಿದ್ಬುಟ್ಟು ನೆಮ್ಮದಿಯಾಗಿ ಮನಿಕಳಿ!"

ಮಾವ ತಲೆ ಎತ್ತಲಿಲ್ಲ. "ಅದು ಅಂದಾಜಲ್ಲ ಕಣಮ್ಮಿ. ಮದುವೆ ವರ್ಸ ನಿಂಗೆ ಕೊಟ್ಟ ಮಾತು. ಮಾತ ಎಂಗೆ ತಿದ್ದಲಿ?"

ಅತ್ತೆ ಬ್ಯಾಗು ಕೆಳಗಿಟ್ಟರು.

"ಅಂಗಿದ್ರೆ ನಾಳೆ ಗಾರೆಯೋರು ಮೊದ್ಲು ನಮ್ಮನೆಗೆ ಬರ್ಲಿ. ಮೋಡ ಬಂದ್ರೆ ನನ್ನೂ ಕರೀರಿ."

ಮಾರನೆಯ ದಿನ ಗಾರೆಯವರು ಬಂದರು, ಮೋಡವೂ ಬಂತು. ಅಂದಿನ ಲೆಕ್ಕವನ್ನು ಆ ಕೆಂಪು ಸಾಲಿಗೆ ನಾನೇ ಸೇರಿಸಿದೆ: 'ಇಟ್ಟಿಗೆ ಎರಡು ವರಸೆ. ಮೋಡ ನೋಡಿದ್ದು, ಇಬ್ಬರು.'