ಬಿಸಿ ಹೋಳಿಗೆ ಯಾರ ತಟ್ಟೆಗೆ?

ಹನ್ನೆರಡು ವರ್ಷ ನನ್ನ ಹೆಂಡತಿಗೆ ಬಿಸಿ ಹೋಳಿಗೆ ಸಿಗಲಿಲ್ಲ. ಮಾಡಿದವಳು ಅವಳು, ತಿಂದವನು ನಾನು. ಇದು ಅನ್ಯಾಯ, ಸುತ್ತಿ ಬಳಸಿ ಹೇಳುವುದಿಲ್ಲ. ಚಳ್ಳಕೆರೆಯ ಮನೆಮನೆಯಲ್ಲೂ ಇದು ನಡೆಯುತ್ತಲೇ ಇರುತ್ತದೆ. ನನ್ನ ಮನೆಯದ್ದಕ್ಕೆ ಸಾಕ್ಷಿ ನಾನೇ.

೧. ಬೇಡಿಕೆ ಪಟ್ಟಿ

ತೊಂಬತ್ತರ ದಶಕದಲ್ಲಿ ನಾನು ಶೇಂಗಾ ಎಣ್ಣೆ ಮಿಲ್ಲಿನಲ್ಲಿದ್ದೆ. ಭಾನುವಾರ ರಜೆ. ಅವತ್ತು ತಿಂಡಿ, ಊಟ ಎರಡೂ ಸೇರಿ ಹನ್ನೊಂದು ಗಂಟೆಗೆ: ಶೇಂಗಾ ಹೋಳಿಗೆ, ಮೆಣಸಿನಕಾಯಿ ಬಜ್ಜಿ, ಒಗ್ಗರಣೆ ಮಂಡಕ್ಕಿ. ಮಿಲ್ಲಿನ ಇಬ್ಬರು ಗೆಳೆಯರೂ ಬರುತ್ತಿದ್ದರು.

ಒಂದು ಭಾನುವಾರ ಮೂವರೂ ಕೂತು ಮಾಲೀಕರಿಗೆ ಬೇಡಿಕೆ ಪಟ್ಟಿ ಬರೆದೆವು. ಮೊದಲನೆಯದು: ದುಡಿಯುವವರಿಗೆ ಕೂತು ಉಣ್ಣಲು ಅರ್ಧ ಗಂಟೆ ಬಿಡುವು. ಹೆಂಡತಿ ಒಲೆಗೂ ನಮಗೂ ನಡುವೆ ಓಡಾಡುತ್ತಾ ಬಡಿಸುತ್ತಿದ್ದಳು.

"ಅಕ್ಕಾ, ಬಜ್ಜಿ ಭಾರಿ ಐತೆ. ಉಪ್ಪು ಮಾತ್ರ ಒಂಚೂರು ಕಮ್ಮಿ," ಅಂದ ಒಬ್ಬ ಗೆಳೆಯ.

"ಹೌದೇನಪ್ಪ? ನಂಗೆ ಗೊತ್ತಾಗೋದು ನೀವು ಎದ್ದ ಮೇಲೆ."

ನಾನು ಪಟ್ಟಿ ಓದಿ ಹೇಳಿದೆ. ಪೂರ್ತಿ ಕೇಳಿದಳು.

"ಚೆನ್ನಾಗೈತೆ. ಇನ್ನೊಂದು ಪ್ರತಿ ಬರೀರಿ. ಮಾಲೀಕರ ಹೆಸರಿನ ಜಾಗದಾಗೆ ನಿಮ್ಮ ಹೆಸರು ಹಾಕ್ರಿ."

೨. ಗಂಡಸರ ಹೂರಣ

ಮುಂದಿನ ಭಾನುವಾರದ ಅಡುಗೆ ನಮ್ಮದು ಎಂದು ಘೋಷಿಸಿದೆ. ಹೆಂಡತಿಯನ್ನೂ ಅವ್ವನನ್ನೂ ಪಡಸಾಲೆಯಲ್ಲಿ ಕೂರಿಸಿದೆ. ಶೇಂಗಾ ಹುರಿದು ಒರಳಿಗೆ ಹಾಕಿ ಮೂವರೂ ಸರದಿಯಲ್ಲಿ ಕುಟ್ಟಿದೆವು. ಹೂರಣಕ್ಕೆ ಬೇಕಾದದ್ದು ಪುಡಿ.

"ಲೇ, ಸಾಕು ನಿಲ್ಸೋ," ಎಂದು ಅವ್ವ ಕೂತಲ್ಲಿಂದಲೇ ಕೂಗಿದಳು.

"ತಡಿಯವ್ವ, ಈಗ ಎಣ್ಣೆ ಬಿಡ್ತಾ ಐತೆ," ಅಂದ ಒಬ್ಬ ಗೆಳೆಯ.

ಅವನ ಮುಖದಲ್ಲಿ ಹೆಮ್ಮೆ. ನನಗೂ ಹೆಮ್ಮೆಯೇ. ಶೇಂಗಾ ಕೈಗೆ ಬಂದರೆ ಎಣ್ಣೆ ಬರುವವರೆಗೆ ನಿಲ್ಲಿಸಬಾರದು ಎಂದಷ್ಟೇ ಮಿಲ್ಲು ನಮಗೆ ಕಲಿಸಿತ್ತು. ಬೆಲ್ಲ ಸೇರಿಸಿದರೆ ಹೂರಣ ಉಂಡೆಯಾಗಲಿಲ್ಲ, ಹರಿಯಿತು. ಹಂಚಿನ ಮೇಲೆ ಹೋಳಿಗೆ ಒಡೆದು ಮನೆ ತುಂಬಾ ಹೊಗೆ. ಹೆಂಡತಿ ತಿಂದದ್ದು ತಣ್ಣನೆಯ ಮಂಡಕ್ಕಿ.

ಅವ್ವ ಎದ್ದು ಬಂದು ಒರಳಿಗೆ ಇಣುಕಿದಳು.

"ಎಣ್ಣೆ ಬಂತು, ಸರಿ. ಹಿಂಡಿ ಯಾವ ಎಮ್ಮೆಗೆ ಹಾಕ್ತೀರೋ?"

೩. ಗಂಜಿ

ಮೂರನೇ ಭಾನುವಾರ ಗೆಳೆಯರು ಬರಲಿಲ್ಲ. ನಾನು ಕುಟ್ಟುವಾಗ ಅವ್ವ ಪಕ್ಕದಲ್ಲೇ ಕಾವಲು ನಿಂತು, ಪುಡಿಯಾದ ಕೂಡಲೇ ನಿಲ್ಲಿಸಿದಳು. ಹೋಳಿಗೆ ಉಬ್ಬಿತು. ಮೊದಲನೆಯದಕ್ಕೆ ತುಪ್ಪ ಸವರಿ ಹೆಂಡತಿಯ ತಟ್ಟೆಗೆ ಹಾಕಿದೆ. ಅರ್ಧ ಹೋಳಿಗೆ ಒಂದೇ ಸಲ ಬಾಯಿಗಿಟ್ಟಳು. ಬಿಸಿಗೆ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದಳು. ಮೊಳಕಾಲ್ಮೂರು ಕಡೆಯವಳು, ಗಾಬರಿಯಾದರೆ ತೆಲುಗು ಬಂದುಬಿಡುತ್ತದೆ. ಒಲೆ ಮುಂದೆ ನಾನು, ಗೋಡೆಗೊರಗಿ ಕಣ್ಣೀರಿಟ್ಟ ಹೆಂಡತಿ.

"ಏಮೈಂದಮ್ಮಾ? ಏನಾಯ್ತು? ಯಾವಾಗಿಂದ ಹುಷಾರಿಲ್ಲ?"

ಹೆಂಡತಿ ಬಾಯಿ ತೆರೆಯಲಾಗದೆ ಕೈ ಆಡಿಸಿದಳು.

"ಮಾತೂ ನಿಂತೈತೆ," ಎಂದು ಆಕೆ ಬೀದಿಗೆ ಓಡಿದಳು. ನಾಲ್ಕು ಜನ ಹೆಂಗಸರು ಬಂದರು. ಒಬ್ಬಾಕೆಯ ಕೈಯಲ್ಲಿ ಗಂಜಿ.

"ಏನೂ ಆಗಿಲ್ರಿ, ನಾನು ಅಡುಗೆ ಮಾಡ್ತಿದೀನಿ," ಅಂದೆ.

"ಏನೂ ಆಗ್ದೆ ಗಂಡಸು ಯಾಕೆ ಒಲೆ ಹಚ್ತಾನೆ?" ಅಂದಳು ಗಂಜಿಯಾಕೆ.

ಕೊನೆಗೆ ಹೆಂಡತಿ ನುಂಗಿದಳು. ತಟ್ಟೆ ನನ್ನ ಕಡೆ ಚಾಚಿ, ಅವರಿಗೆ ಹೇಳಿದಳು:

"ನಿಂತಿರ್ರಿ. ಇನ್ನೊಂದು ಬಿಸೀದು ಬರ್ತಾ ಐತೆ. ತಿಂದು ಹೇಳ್ತೀನಿ."

ಬಂದವರೆಲ್ಲ ನಿಂತು ಕಾದರು.

ಓದುತ್ತಿರುವ ಗಂಡಸರೇ, ಹೆಂಡತಿಗೆ ಕಾಯಿಲೆ ಬರಲಿ ಎಂದು ಕಾಯಬೇಡಿ. ಬರುವ ಭಾನುವಾರ ಅವಳನ್ನು ಕೂರಿಸಿ, ನೀವು ಹಂಚಿನ ಮುಂದೆ ನಿಲ್ಲಿ. ಅವಳು ಸಾಕು ಅನ್ನುವವರೆಗೆ ಕೂರಬೇಡಿ.