ಗಿಲಾವು ಮಾಡುವ ಕಳ್ಳ

ಗೋವೆಯ ಹಳ್ಳಿಗಳಲ್ಲಿ ಕನ್ನಡ ವಾರಪತ್ರಿಕೆಗೆ ಸುದ್ದಿ ಬರೆಯುವ ಹೆಂಗಸು ನಾನು. ನಗುವಂಥ ಪ್ರಸಂಗಗಳಿಗೆ ನನಗೆಂದೂ ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು ಯಾರೋ ಬಿದ್ದಾಗಲೋ ಸತ್ತಾಗಲೋ ನಡೆಯುತ್ತವೆ, ಅಷ್ಟೇ.

ಹಿಂದಿನ ಗೇಟು

ಸಾಂಕೋಲೆಯಲ್ಲಿ ಕಟ್ಟುತ್ತಿದ್ದ ಕಟ್ಟಡದ ಮೇಲಿಂದ ನಮ್ಮ ಧಾರವಾಡ ಕಡೆಯ, ಗಾರೆ ಕೆಲಸದ ಗೌಂಡಿಯೊಬ್ಬ ಬಿದ್ದು ಸೊಂಟ ಮುರಿದುಕೊಂಡ. ಮರುದಿನ ಬೆಳಿಗ್ಗೆ ಹೋದೆ. ಮುಂದಿನ ಗೇಟಿನ ಕಾವಲುಗಾರ ತಡೆದ.

"ಪತ್ರಿಕೆಯಿಂದ ಬಂದೇನಿ," ಅಂದೆ.

ಅವನು ನನ್ನ ಹಿಂದೆ ಇಣುಕಿ ನೋಡಿದ. "ಸಾಹೇಬ್ರು ಎಲ್ಲದಾರ್ರಿ?"

"ನಾನ ಬರಿಯಾಕಿ."

"ಹಂಗಾರ ಒಳಗ ಬಿಡಂಗಿಲ್ರಿ."

ಹಿಂದಿನ ಗೇಟಿಗೆ ಹೋಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಣ್ಣಾಳುಗಳ ನಡುವೆ ನಡೆದೆ. ಯಾರೂ ಏನೂ ಕೇಳಲಿಲ್ಲ. ಅವನು ಬಿದ್ದ ಜಾಗ, ಗೋಡೆಗೆ ಸಿಮೆಂಟು ಮೆತ್ತುತ್ತ ಅರ್ಧಕ್ಕೇ ನಿಂತ ಅವನ ಗಿಲಾವು, ಎರಡನ್ನೂ ಕಣ್ಣಾರೆ ಕಂಡೆ. ಹೊರಬರುವಾಗ ಮೇಸ್ತ್ರಿ ಬೈದ: "ತಡ ಮಾಡಿ ಬರ್ತಿ, ಮತ್ತ ಲಗೂನ ಹೊಂಟಿ. ನಾಳಿಂದ ಬರಬ್ಯಾಡ." ಪತ್ರಕರ್ತೆ ಅಂತ ಯಾರೂ ಒಪ್ಪದಿದ್ದ ಕಡೆ, ಆಳು ಅಂತ ಕೆಲಸದಿಂದ ತೆಗೆಸಿಕೊಂಡು ಬಂದೆ.

ಮೈಮೇಲಿನ ಸಿಮೆಂಟು

ಆ ಕಟ್ಟಡದ ಕಂತ್ರಾಟದಾರರೂ ಧಾರವಾಡದ ಕಡೆಯವರೇ. ಫೋನ್ ಮಾಡಿದೆ.

"ತಂಗಿ, ಅವ ನಮ್ಮ ಆಳಲ್ಲ. ಕಬ್ಬಿಣ ಕದಿಯಾಕ ಬಂದು ಬಿದ್ದಾನ."

"ಮೈತುಂಬ ಹಸಿ ಸಿಮೆಂಟ್ ಇತ್ತಲ್ರಿ?"

"ಅದನ್ನೂ ಕದಿಯಾಕತ್ತಿದ್ದ."

"ಮತ್ತ ಗೋಡಿಗೆ ಅರ್ಧ ಗಿಲಾವ್ ಆಗೇತಲ್ರಿ?"

"ಕಳ್ಳರು ಭಾಳ ಹುಷಾರ್ ಇರ್ತಾರವಾ," ಅಂದರು.

ಮುರಿದ ಸೊಂಟದ ಮೇಲೆ ಕಳ್ಳನೆಂಬ ಹೆಸರನ್ನೂ ಹೊತ್ತು ಆ ಮನುಷ್ಯ ಆಸ್ಪತ್ರೆಯಲ್ಲಿ ಮಲಗಿದ್ದ. ಕದಿಯಲು ಬಂದು ಪರರ ಗೋಡೆಗೆ ಗಿಲಾವು ಮಾಡಿಕೊಡುವ ಕಳ್ಳರಿದ್ದರೆ ನಮ್ಮ ಮನೆಗೂ ಕಳಿಸಿ ಎಂದು ಹೇಳಿ ಫೋನ್ ಇಟ್ಟೆ.

ಉಪ್ಪಿನಕಾಯಿ

ಸಂಪಾದಕರು ಸುದ್ದಿ ತಡೆದರು. "ಅಂವ ಅಲ್ಲಿ ಆಳಾಗಿದ್ದ ಅಂತ ಅವನ ಹೆಂಡತಿ ಲೇಬರ್ ಅಧಿಕಾರಿ ಮುಂದ ಹೇಳಿಕಿ ಕೊಡ್ಲಿ, ಮೊದಲ ಪುಟಕ್ಕ ಹಾಕೋಣು. ಅಲ್ಲೀತನಕ ಮಹಿಳಾ ಪುಟಕ್ಕ ಉಪ್ಪಿನಕಾಯಿ ಬಗ್ಗೆ ಬರೀರಿ."

ಬರೆದೆ. ಊರಿನಿಂದ ಮೆಚ್ಚುಗೆಯ ಫೋನುಗಳು ಬಂದವು.

ಒಡಪು

ಗೌಂಡಿಯ ಹೆಂಡತಿಯನ್ನೂ ಅವಳ ಅತ್ತೆಯನ್ನೂ ಕೊರ್ತಾಲಿಮ್‌ನಿಂದ ಬಸ್ಸಿನಲ್ಲಿ ಝುವಾರಿ ಸೇತುವೆ ದಾಟಿಸಿ ಪಣಜಿಯ ಕಾರ್ಮಿಕ ಕಚೇರಿಗೆ ಕರೆದೊಯ್ದೆ. ಕಂತ್ರಾಟದಾರರು ಮೊದಲೇ ಬಂದು ಕೂತಿದ್ದರು. ಅಧಿಕಾರಿ ಕೊಂಕಣಿಯಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ.

"ಗಂಡನ ಹೆಸರು?"

ಅವಳು ತಲೆ ತಗ್ಗಿಸಿದಳು. ಗಂಡನ ಹೆಸರು ಹಿಡಿಯಬಾರದು, ಅದೂ ಅತ್ತೆಯ ಎದುರು. ಈ ಪದ್ಧತಿಯ ಬಗ್ಗೆ ನಾನು ನಮ್ಮ ಕೂಲಿಯವರ ಬಸ್ತಿಯಲ್ಲಿ ಎಷ್ಟು ಜಗಳಾಡಿದ್ದೇನೋ. ನಾನೇ ಹೇಳುತ್ತೇನೆಂದೆ. "ನೀವು ಹೆಂಡತಿಯಲ್ಲ," ಎಂದರು ಅಧಿಕಾರಿ.

ಕಂತ್ರಾಟದಾರರು ನಕ್ಕರು. "ನೋಡ್ರಿ ಸಾಹೇಬ್ರ, ಹೆಸರ ಗೊತ್ತಿಲ್ಲ ಆಕಿಗೆ."

ಆಗ ಅತ್ತೆ ಸೊಸೆಯ ಬೆನ್ನು ತಟ್ಟಿದಳು. "ಒಡಪು ಹಾಕಿ ಹೇಳವಾ. ಹಂಗ ಹೇಳಿದ್ರ ನಡೀತೈತಿ."

ಮದುವೆ, ಬಸುರಿಯ ಕುಬಸದ ಮನೆಗಳಲ್ಲಿ ನಮ್ಮ ಹೆಂಗಸರು ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಹೇಳುವುದು ಒಡಪು. ಅವಳು ಎದ್ದು ನಿಂತಳು, ತಲೆಯ ಮೇಲೆ ಸೆರಗು ಹೊದ್ದಳು, ಕಂತ್ರಾಟದಾರರ ಕಡೆ ಕೈ ಮಾಡಿದಳು.

"ಝುವಾರಿ ಸೇತುವಿ ಕೆಳಗ ಹೊಳಿ ಹರಿತೈತಿ ಸಾವಕಾಶ,
ಇವರ ಗೋಡಿಗೆ ಗಿಲಾವ್ ಮಾಡಾಗ ಬಿದ್ದಾರ ನಮ್ಮನಿಯವರು ಪ್ರಕಾಶ."

ಒಡಪು ಕೇಳಿದ ಮೇಲೆ ಸುಮ್ಮನೆ ಕೂಡುವುದು ನಮ್ಮ ಕಡೆಯವರ ರಕ್ತದಲ್ಲೇ ಇಲ್ಲ. ಕಂತ್ರಾಟದಾರರು ತೊಡೆ ತಟ್ಟಿದರು. "ಭಲೆ! ನಮ್ಮ ಗೌಂಡಿ ಹೆಂಡತಿ ಒಡಪು ಚಲೋ ಹಾಕ್ತಾಳ."

"ಇವರು ಏನಂದರು?" ಅಧಿಕಾರಿ ಕಂತ್ರಾಟದಾರರತ್ತ ಪೆನ್ನು ತೋರಿಸಿ ನನ್ನನ್ನು ಕೇಳಿದರು.

"ನಮ್ಮ ಗೌಂಡಿ" ಸಮೇತ ಒಂದು ಅಕ್ಷರ ಬಿಡದೆ ಕೊಂಕಣಿಯಲ್ಲಿ ಹೇಳಿದೆ. ಅವರು ಬರೆದುಕೊಂಡರು.

ಹೊರಗೆ ಮೆಟ್ಟಿಲ ಮೇಲೆ ಕಂತ್ರಾಟದಾರರು ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ತಂಗಿ, ಪೇಪರಿನ್ಯಾಗ ನಾ ಅಂದದ್ದು ಹಾಕಬ್ಯಾಡ್ರಿ. ಒಡಪಷ್ಟ ಹಾಕ್ರಿ, ಮಹಿಳಾ ಪುಟಕ್ಕ."